ಮುಟ್ಟಿದ ಕೂಡಲೇ ಒಂದು ರಿಂಗ್

ಆಳಂದ
8 ಸೆಪ್ಟೆಂಬರ್ 2024

ಫರಹೀನ ಬೇಟಿಗೆ ಅಮ್ಮಿಯ ದುವಾ.

ಕಾಗದ ನೋಡಿ ಗಾಬರಿ ಆಗಬೇಡ. ಯಾರಿಗೂ ಏನೂ ಆಗಿಲ್ಲ. ಆಗುವುದೆಲ್ಲ ಆಗಿ ಹೋಗಿದೆ. ನನ್ನ ಕಿವಿಯ ಸಂಗತಿ ನಿನಗೆ ಗೊತ್ತೇ ಇದೆ. ಎಡಗಿವಿ ಮೊದಲೇ ಹೋಗಿತ್ತು, ಈಗ ಬಲಗಿವಿಯೂ ಅದರ ಬೆನ್ನು ಹತ್ತಿದೆ. ಫೋನಿನಲ್ಲಿ ನೀನು ಏನು ಹೇಳಿದರೂ ಗಾದಿಯೊಳಗೆ ಬಾಯಿಟ್ಟು ಹೇಳಿದ ಹಾಗಾಗುತ್ತದೆ. ಅದಕ್ಕೇ ಪೆನ್ನು ಹಿಡಿದೆ. ಏಳನೇ ಇಯತ್ತೆ ತನಕ ಕನ್ನಡ ಶಾಲೆಗೆ ಹೋದದ್ದು ಈ ವಯಸ್ಸಿಗೆ ಕೆಲಸಕ್ಕೆ ಬಂತು. ಅಕ್ಷರ ನೋಡಿ ನಗಬೇಡ.

ತಮ್ಮ ಅರ್ಫಾತ ತೀರಿದ ನಲವತ್ತನೇ ದಿನಕ್ಕೆ ಬಂದವಳು ನಿಂತುಕೊಂಡೇ ಚಹಾ ಕುಡಿದು ಹೋದೆ. ಹೊರಗಿನವರೂ ಕೂತು ಹೋಗುತ್ತಾರೆ. ಅದಾದ ಮೇಲೆ ಈ ಕಡೆ ಮುಖ ಹಾಕಿಲ್ಲ. ನಾನು ಬೈಯುತ್ತಿಲ್ಲ. ನಿನ್ನ ಅಬ್ಬಾ ಮಾತಾಡುವುದಿಲ್ಲ ಅಂತ ನೀನು ಬರುವುದಿಲ್ಲ, ನೀನು ಬರುವುದಿಲ್ಲ ಅಂತ ಅವರು ಮಾತಾಡುವುದಿಲ್ಲ. ನಡುವೆ ನಾನೊಬ್ಬಳು ಕಿವುಡಿ.

ತಮ್ಮನಿಗೆ ಮಣ್ಣು ಕೊಟ್ಟು ಬಂದ ದಿನ ಅವರು ನಿನಗೆ ಒಂದೇ ಮಾತು ಕೇಳಿದರು. ‘ಬಸ್ಸ ಇದ್ದಿಲ್ಲೇನು?’ ಅಂದರು. ಬಕ್ರೀದಿಗೆ ನಿನ್ನನ್ನು ಕರೆತರಲು ಬೈಕ್ ಮೇಲೆ ಹೊರಟವನು ದಾರಿಯಲ್ಲೇ ಹೋದ, ಹೊಟ್ಟೆಯ ಉರಿಗೆ ಬಂದ ಮಾತು ಅದು. ನೀನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಈಗ ಮನೆಯಲ್ಲಿ ನಿನ್ನ ಹೆಸರು ತೆಗೆದರೆ ಎದ್ದು ಗಾದಿ ಅಂಗಡಿಗೆ ಹೋಗಿ ಹತ್ತಿ ಹಿಂಜುತ್ತಾರೆ.

ಪಕ್ಕದ ಮನೆ ನಿಂಬೆವ್ವ ಕೇಳುತ್ತಿದ್ದಳು. ‘ನಿಮ್ಮ ಮಗಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ದವಾಖಾನಿಯಾಗ ಫೋನ್ ಕಾಯ್ತಾಳಂತ. ಫೋನ್ ಏನ್ ಓಡಿ ಹೋಗ್ತಾವೇನ್ರಿ?’ ನನಗೂ ಗೊತ್ತಿಲ್ಲ, ಏನು ಹೇಳಲಿ? ಬರೆದು ತಿಳಿಸು. ನಿಂಬೆವ್ವನ ಬಾಯಿ ಮುಚ್ಚಿಸಿದರೂ ಪುಣ್ಯ.

ನಿನ್ನ ಅಮ್ಮಿ
ಬದರುನ್ನಿಸಾ


ಜೇವರ್ಗಿ
22 ಸೆಪ್ಟೆಂಬರ್ 2024

ಅಮ್ಮಿ, ಸಲಾಂ.

ಕಾಗದ ಮುಟ್ಟಿತು. ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ನಿಂಬೆವ್ವಗೆ ಹೀಗೆ ಹೇಳು. ನಮ್ಮ ಟ್ರಸ್ಟಿನ ದವಾಖಾನೆಗಳು ಆಳಂದ, ಅಫಜಲಪುರ, ಜೇವರ್ಗಿಯಲ್ಲಿವೆ, ಗಾಣಗಾಪುರದಲ್ಲಿ ಒಂದು ಸಣ್ಣದಿದೆ. ಅಲ್ಲಿನ ಫೋನುಗಳೆಲ್ಲ ಈಗ ಇಂಟರ್ನೆಟ್ಟಿನ ಮೇಲೆ ನಡೆಯುತ್ತವೆ. ಬಸುರಿಯರು, ಡಯಾಲಿಸಿಸ್‌ನವರು, ಅವರ ಮನೆಯವರು, ಯಾರು ಎಲ್ಲಿಂದ ಕರೆ ಮಾಡಿದರೂ ಅದು ಮೊದಲು ಜೇವರ್ಗಿಯ ಒಂದು ಪೆಟ್ಟಿಗೆಗೆ ಬರುತ್ತದೆ. ಅದರ ಹೆಸರು ಸೆಷನ್ ಬಾರ್ಡರ್ ಕಂಟ್ರೋಲರ್. ನೀನು ಅಗಸಿ ಅನ್ನು, ಸಾಕು. ಊರಿಗೊಂದು ಅಗಸಿ ಬಾಗಿಲು ಇರುವ ಹಾಗೆ ನಮ್ಮ ಫೋನುಗಳಿಗೆ ಅದು ಅಗಸಿ. ನಾನು ಅದನ್ನು ನೋಡಿಕೊಳ್ಳುತ್ತೇನೆ.

ಬಂದವರು ಯಾರು, ಎಲ್ಲಿಂದ ಬಂದರು ಅಂತ ಅದು ವಿಚಾರಿಸುತ್ತದೆ. ಹೊರಗಿನವರಿಗೆ ಅಗಸಿ ಮಾತ್ರ ಕಾಣುತ್ತದೆ, ಒಳಗೆ ಯಾರ ಮನೆ ಎಲ್ಲಿದೆ ಅನ್ನುವುದು ಕಾಣುವುದಿಲ್ಲ. ಹೊರಗಿನ ಫೋನು ಒಂದು ರೀತಿ ಮಾತಾಡಿದರೆ ಒಳಗಿನದು ಇನ್ನೊಂದು ರೀತಿ, ಎರಡಕ್ಕೂ ನಡುವೆ ನಿಂತು ತಿಳಿಯುವ ಹಾಗೆ ಮಾಡುತ್ತದೆ, ನಮ್ಮ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಇರುವ ಹಾಗೆ. ರೋಗಿಯ ಮಾತು ದಾರಿಯಲ್ಲಿ ಯಾರ ಕಿವಿಗೂ ಬೀಳದಂತೆ ಕಟ್ಟಿ ಕಳಿಸುತ್ತದೆ. ಒಮ್ಮೆಲೇ ಜನ ನುಗ್ಗಿದರೆ ತಡೆದು, ಅಂಬುಲೆನ್ಸಿನ ಕರೆಯನ್ನು ಮೊದಲು ಬಿಡುತ್ತದೆ. ಫೋನು ಓಡಿ ಹೋಗುವುದಿಲ್ಲ, ಕಳ್ಳರು ಒಳಗೆ ಬರುತ್ತಾರೆ. ಅದಕ್ಕೇ ಕಾಯುವುದು.

ನಾನು ಚೆನ್ನಾಗಿದ್ದೇನೆ. ಗೌಸಿಯಾಬೇಗಂ ಅವರ ಮನೆಯ ಮೇಲಿನ ಖೋಲಿಯಲ್ಲೇ ಇದ್ದೇನೆ, ಅವರೇ ರೊಟ್ಟಿ ಕೊಡುತ್ತಾರೆ. ರುಚಿ ಗೊತ್ತಾಗುವುದಿಲ್ಲ, ಆದರೆ ತಿನ್ನುತ್ತೇನೆ. ಅಳು ಬರುತ್ತದೋ ಅಂತ ಕೇಳಬೇಡ, ಬರುವುದಿಲ್ಲ.

ಸಂಜೆ ನೀನು ಕಳಿಸುವ ರಿಂಗ್ ಮುಟ್ಟುತ್ತಿದೆ. ಅಷ್ಟು ಸಾಕು.

ಫರಹೀನ


ಆಳಂದ
6 ಅಕ್ಟೋಬರ್ 2024

ಫರಹೀನ,

ನಿಂಬೆವ್ವಗೆ ಅಗಸಿಯ ಸಂಗತಿ ಹೇಳಿದೆ. ‘ಅಗಸಿ ಕಾಯೋ ಹುಡುಗಿ ಅನ್ರಿ ಮತ್ತ, ದೊಡ್ಡ ನೌಕರಿ’ ಅಂದಳು. ಈಗ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ಆದರೆ ಯಾವ ರಿಂಗ್ ಬೇಟಿ? ನಾನು ಏನೂ ಕಳಿಸಿಲ್ಲ. ನಿನ್ನ ಕಿವಿಯ ರಿಂಗ್ ಎರಡೂ ಟ್ರಂಕಿನಲ್ಲಿ ಹಾಗೇ ಇವೆ, ನಿನ್ನ ಕಾಗದ ಓದಿ ತೆಗೆದು ನೋಡಿದೆ. ಬೇಕಿದ್ದರೆ ಬಂದು ಒಯ್ಯಿ. ಇಲ್ಲದ ಸಾಮಾನು ಮುಟ್ಟಿತು ಅಂತ ಬರೆಯುತ್ತಿ, ನಿದ್ದೆ ಮಾಡುತ್ತಿಯೋ ಇಲ್ಲವೋ?

ನಿನ್ನ ಅಬ್ಬಾ ಇದ್ದ ಹಾಗೆಯೇ ಇದ್ದಾರೆ. ಸಂಜೆ ಅಂಗಡಿಯಿಂದ ಬಂದವರು ಕೈಕಾಲು ತೊಳೆಯುವ ಮೊದಲು ಮಾಳಿಗೆ ಹತ್ತುತ್ತಾರೆ. ಪಾರಿವಾಳಕ್ಕೆ ಜೋಳ ಹಾಕುತ್ತೇನೆ ಅನ್ನುತ್ತಾರೆ. ಜೋಳದ ಡಬ್ಬಿ ಮಾತ್ರ ಖಾಲಿ ಆಗುವುದಿಲ್ಲ. ಕೇಳಿದರೆ ಎರಡು ದಿನ ಸಿಟ್ಟು, ಅದಕ್ಕೇ ಕೇಳಿಲ್ಲ.

ಹಸಿಮೆಣಸಿನ ಉಪ್ಪಿನಕಾಯಿ ಹಾಕಿದ್ದೇನೆ. ಈ ಕಡೆ ಬರುವವರಿದ್ದರೆ ಹೇಳು, ಕಳಿಸುತ್ತೇನೆ.

ಅಮ್ಮಿ


ಜೇವರ್ಗಿ
3 ನವೆಂಬರ್ 2024

ಅಮ್ಮಿ, ಸಲಾಂ.

ಬರೆಯಲು ತಡವಾಯಿತು. ಇಲ್ಲಿ ಒಂದು ತಿಂಗಳು ಗದ್ದಲವಿತ್ತು.

ಕಿವಿಯ ರಿಂಗ್ ಅಲ್ಲ ಅಮ್ಮಿ, ಫೋನಿನ ರಿಂಗ್. ಅರ್ಫಾತ ದಿನಾ ಸಂಜೆ ತನ್ನ ಟಂಟಂ ಆಟೋ ನಿಲ್ಲಿಸಿ ಮನೆಯೊಳಗೆ ಬಂದ ಕೂಡಲೇ ನನ್ನ ಮೇಜಿನ ಫೋನಿಗೆ ಒಂದು ರಿಂಗ್ ಕೊಟ್ಟು ಕಡಿಯುತ್ತಿದ್ದ. ಡ್ಯೂಟಿಯಲ್ಲಿ ನಮ್ಮ ಮೊಬೈಲು ಹೊರಗಿಡಬೇಕು, ಅದಕ್ಕೆ ಮೇಜಿನ ಫೋನಿಗೆ. ನಾನು ಎತ್ತುವುದಿಲ್ಲ, ಅವನು ಮಾತಾಡುವುದಿಲ್ಲ. ಒಂದು ರಿಂಗ್ ಅಂದರೆ ‘ಮುಟ್ಟೇನಿ’ ಅಂತ ಅರ್ಥ. ನಾನು ಖೋಲಿಗೆ ಬಂದ ಮೇಲೆ ಅವನಿಗೆ ಒಂದು ಕೊಡುತ್ತಿದ್ದೆ. ಬಕ್ರೀದಿನ ಹಿಂದಿನ ದಿನವೂ ‘ಮುಟ್ಟಿದ ಕೂಡ್ಲೆ ಕೊಡು’ ಅಂದಿದ್ದೆ. ಫರಹತಾಬಾದ ದಾಟಿದ್ದ. ಭೀಮಾ ಸೇತುವೆ ದಾಟಿದ್ದರೆ ಮುಟ್ಟುತ್ತಿದ್ದ.

ನಾನು ಅವನನ್ನು ಕರೆದಿರಲಿಲ್ಲ ಅಮ್ಮಿ. ಬರುತ್ತೇನೆ ಅಂತ ಫೋನಿನಲ್ಲಿ ಹೇಳಿ ತಾನೇ ಹೊರಟಿದ್ದ. ಅಬ್ಬಾ ಕೇಳಿದಾಗ ಇದನ್ನು ಹೇಳಲು ಬಾಯಿ ಬರಲಿಲ್ಲ. ಹೇಳಿದ್ದರೆ ತಪ್ಪೆಲ್ಲ ಅವನ ಮೇಲೆ ಹೋಗುತ್ತಿತ್ತು.

ನಲವತ್ತು ದಿನ ಕಳೆದ ಮೇಲೆ ಸಂಜೆ ಮತ್ತೆ ರಿಂಗ್ ಬರತೊಡಗಿತು. ಅವನದೇ ನಂಬರು. ಫೋನಿನ ಮೇಲೆ ‘ಅರ್ಫಾತ’ ಅಂತ ಹೆಸರು ಬೆಳಗುತ್ತದೆ, ಒಮ್ಮೆ ಬಡಿದು ನಿಲ್ಲುತ್ತದೆ. ಅವನ ಮೊಬೈಲು ನಿನ್ನ ಹತ್ತಿರ ಇದೆ, ನೀನು ಒತ್ತುತ್ತಿದ್ದಿ ಅಂದುಕೊಂಡೆ. ನೀನಲ್ಲ ಅಂತ ಬರೆದ ಮೇಲೆ ಯೋಚನೆ ಮಾಡಿದೆ. ತೀರಿಹೋದವರ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುವುದುಂಟು. ಯಾರೋ ತಪ್ಪಿ ಒತ್ತುತ್ತಿರಬೇಕು ಅಂತ ಬಿಟ್ಟೆ.

ಅಷ್ಟರಲ್ಲಿ ನಮ್ಮ ಅಗಸಿಗೆ ಕಳ್ಳರು ಬಂದರು. ಮನುಷ್ಯರಲ್ಲ, ಯಂತ್ರಗಳು. ಸಾವಿರಾರು ನಂಬರಿನಿಂದ ಒಂದು ರಿಂಗ್ ಕೊಟ್ಟು ಕಡಿಯುತ್ತವೆ, ಯಾವ ಮನೆಯಲ್ಲಿ ಜನ ಇದ್ದಾರೆ ಅಂತ ಬಾಗಿಲು ಬಡಿದು ನೋಡಿದ ಹಾಗೆ. ಅಫಜಲಪುರದಲ್ಲಿ ಹೆರಿಗೆ ನೋವು ಬಂದವಳ ಗಂಡನಿಗೆ ಲೈನು ಸಿಗಲಿಲ್ಲ. ನಮ್ಮ ಮೇಲಿನ ಅಜಯಕುಮಾರ ಸರ್ ಕಟ್ಟಳೆ ಹಾಕಿಸಿದರು. ಮತ್ತೆ ಮತ್ತೆ ರಿಂಗ್ ಕೊಟ್ಟು, ಎತ್ತುವ ಮೊದಲೇ ಕಡಿಯುವ ನಂಬರನ್ನು ಅಗಸಿ ಹೊರಗೇ ನಿಲ್ಲಿಸಬೇಕು. ಅಂಥವರಿಗೆ ಎಂಗೇಜ್ ದನಿ ಕೇಳುತ್ತದೆ, ಕಾರಣ ಹೇಳುವುದಿಲ್ಲ.

ಆ ಕಟ್ಟಳೆಯನ್ನು ಪೆಟ್ಟಿಗೆಗೆ ಹಾಕಿದವಳು ನಾನೇ. ಅರ್ಫಾತನ ನಂಬರೂ ನಿಲ್ಲುತ್ತದೆ ಅಂತ ಗೊತ್ತಿತ್ತು. ನಿಂತಿತು. ನನಗೆ ಏನೂ ಅನಿಸಲಿಲ್ಲ. ಹೆಸರು ಬೆಳಗುವುದಿಲ್ಲ, ಅಷ್ಟೇ.

ಫರಹೀನ


ಆಳಂದ
17 ನವೆಂಬರ್ 2024

ಫರಹೀನ,

ಈ ಕಾಗದವನ್ನು ಕೂತು ಓದು.

ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಮುಕ್ರಮ ಮೊನ್ನೆ ನನ್ನನ್ನು ನಿಲ್ಲಿಸಿ ಏನೋ ಕೇಳಿದ. ತಿಳಿಯಲಿಲ್ಲ. ಆಮೇಲೆ ನನ್ನ ಕೈ ಮೇಲೆ ಬೆರಳಿನಿಂದ ‘ಅರ್ಫಾತ’ ಅಂತ ಬರೆದು, ಮೊಬೈಲು ತೋರಿಸಿ, ಈ ತಿಂಗಳು ಚಾಚಾ ರೀಚಾರ್ಜ್‌ಗೆ ಬಂದಿಲ್ಲವಲ್ಲ ಅಂತ ನಿಧಾನಕ್ಕೆ ಕೇಳಿದ. ನಂಬರು ಬೇರೆಯವರಿಗೆ ಹೋಗಿಲ್ಲ. ತಿಂಗಳು ತಿಂಗಳು ಅದನ್ನು ಬದುಕಿಸಿ ಇಟ್ಟವರು ನಿನ್ನ ಅಬ್ಬಾ.

ಅವತ್ತು ಅವರ ಹಿಂದೆಯೇ ಮಾಳಿಗೆ ಹತ್ತಿದೆ. ಪಾರಿವಾಳವೂ ಇಲ್ಲ, ಜೋಳವೂ ಇಲ್ಲ. ಮಗನ ಮೊಬೈಲು ಹಿಡಿದು ಕೂತಿದ್ದರು, ಒತ್ತುತ್ತಿರಲಿಲ್ಲ. ಎದುರಿಗೆ ಕೂತು ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿದರು. ನೀನು ಕರೆದಿರಲಿಲ್ಲ ಅನ್ನುವ ಮಾತು ಬಂದಾಗ ಮುಖ ಆ ಕಡೆ ತಿರುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ತುಟಿ ನೋಡಿ ತಿಳಿಯಲಿ ಅಂತ ನಿಧಾನಕ್ಕೆ ಹೇಳಿದರು. ‘ನಾ ಬಾಗಲಾ ಬಡದೆ. ಆಕಿ ಒಳಗಿಂದ ಚಿಲಕ ಹಾಕಿದಳು.’

ಮಗ ದಿನಾ ಹಾಗೆ ರಿಂಗ್ ಕೊಡುವುದನ್ನು ನೋಡಿದ್ದರಂತೆ, ನಿನ್ನ ಜೊತೆ ಮಾತಾಡಲು ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ ಬೇಟಿ. ಎಂಗೇಜ್ ದನಿ ಕೇಳಿದ ಮೇಲೂ ಎಷ್ಟೋ ದಿನ ಒತ್ತಿದರಂತೆ. ಈಗ ಬಿಟ್ಟಿದ್ದಾರೆ. ಒಬ್ಬನನ್ನು ಕಳೆದುಕೊಂಡೆ. ಉಳಿದ ಇಬ್ಬರು ಹೀಗೇ ಇದ್ದರೆ ನಾನು ಯಾರ ಜೊತೆ ಬದುಕಲಿ?

ಚಿಲಕ ತೆಗೆ.

ಅಮ್ಮಿ


ಜೇವರ್ಗಿ
1 ಡಿಸೆಂಬರ್ 2024

ಅಮ್ಮಿ, ಸಲಾಂ.

ಕೂತು ಓದಿದೆ. ಅಬ್ಬಾ ಅಂತ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಅಜಯಕುಮಾರ ಸರ್ ಹತ್ತಿರ ಹೋಗಿ ಈ ಒಂದು ನಂಬರನ್ನು ಯಾವಾಗಲೂ ಬಿಡುವ ಹಾಗೆ ಬರೆಯುತ್ತೇನೆ ಅಂದೆ. ಯಾಕೆ ಅಂತ ಕೇಳಿದರು, ಹೇಳಿದೆ. ‘ಆಗಂಗಿಲ್ಲ ಫರಹೀನ’ ಅಂದರು. ‘ಆ ಯಂತ್ರ ನಾಳೆ ನಿಮ್ಮ ತಮ್ಮನ ನಂಬರಿನ ವೇಷ ಹಾಕ್ಕೊಂಡು ಬರ್ತದ. ಒಂದು ತೂತು ಬಿಟ್ರ ಅದೇ ಅಗಸಿ ಆಗ್ತದ. ಅಫಜಲಪುರದಾಕಿ ನೆನಪದಾಳಿಲ್ಲೋ?’ ಅವರ ಮಾತು ಸರಿ ಇದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆದರೆ ಅವರೇ ಒಂದು ದಾರಿ ಹೇಳಿದರು. ತಡೆದ ನಂಬರನ್ನು ಒಮ್ಮೆ ಬಿಡುಗಡೆ ಮಾಡಬಹುದು, ಮಾಡಿದ್ದೇನೆ. ಮತ್ತೆ ನಿಲ್ಲಬಾರದು ಅಂದರೆ ಅದು ರಿಂಗ್ ಕೊಟ್ಟು ಕಡಿಯಬಾರದು. ಈ ಕಡೆ ಎತ್ತಬೇಕು. ಎತ್ತಿದರೆ ಅದು ಕರೆ, ಎತ್ತದಿದ್ದರೆ ಬಡಿತ, ಅಗಸಿಗೆ ಗೊತ್ತಿರುವ ವ್ಯತ್ಯಾಸ ಅಷ್ಟೇ. ಇನ್ನೊಂದು ಸಂಗತಿ ಇದೆ. ಎತ್ತಿದ ಮೇಲೆ ಎರಡೂ ಕಡೆ ದನಿ ಇಲ್ಲದಿದ್ದರೆ, ಜನ ಎದ್ದು ಹೋಗಿದ್ದಾರೆ ಅಂದುಕೊಂಡು ಸ್ವಲ್ಪ ಹೊತ್ತಿಗೆ ತಾನೇ ಕಡಿಯುತ್ತದೆ. ಖಾಲಿ ಲೈನನ್ನು ಹಿಡಿದು ಕೂರುವುದಿಲ್ಲ.

ಅಬ್ಬಾಗೆ ಹೇಳು, ಒಂದು ರಿಂಗಿಗೇ ಕಡಿಯಬಾರದು. ಹಿಡಿದಿರಬೇಕು. ನಾನು ಎತ್ತುತ್ತೇನೆ. ಎತ್ತಿ ಏನು ಹೇಳುತ್ತೇನೋ ನನಗೆ ಗೊತ್ತಿಲ್ಲ.

ಫರಹೀನ


ಆಳಂದ
19 ಡಿಸೆಂಬರ್ 2024

ಫರಹೀನ,

ಹೇಳಿದೆ. ‘ಏನ್ ಮಾತಾಡ್ಲಿ?’ ಅಂದರು. ಗಾದಿ ಹೊಲಿಯುತ್ತ ಕೂತರು. ದತ್ತ ಜಯಂತಿಗೆ ಗಾಣಗಾಪುರದ ಲಾಡ್ಜಿನವರು ಗಾದಿ ಹೇಳಿದ್ದರು, ಜಯಂತಿ ಆಗಿಹೋಯಿತು, ಇವರ ಹೊಲಿಗೆ ಮುಗಿದಿಲ್ಲ. ಒಂದು ಹೊಲಿಗೆ ಹಾಕಿ ಎರಡು ಬಿಚ್ಚುತ್ತಾರೆ.

ನಾನು ಮುಕ್ರಮನಿಗೆ ಹೇಳಿ ಅರ್ಫಾತನ ಮೊಬೈಲಿಗೆ ರೀಚಾರ್ಜ್ ಹಾಕಿಸಿ, ಅವರ ದಿಂಬಿನ ಹತ್ತಿರ ಇಟ್ಟಿದ್ದೇನೆ. ನೋಡಿದ್ದಾರೆ. ಮುಟ್ಟಿಲ್ಲ.

ಅಮ್ಮಿ


ಜೇವರ್ಗಿ
5 ಜನವರಿ 2025

ಅಮ್ಮಿ, ಸಲಾಂ.

ಅಬ್ಬಾ ಕರೆ ಮಾಡಿದ್ದರು. ನಿನಗೆ ಹೇಳಿದರೋ ಇಲ್ಲವೋ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಹೆಸರು ಬೆಳಗಿತು. ಒಂದು ಬಡಿತ ಆಯಿತು, ನಿಲ್ಲಲಿಲ್ಲ. ಎತ್ತಿದೆ. ಅವರು ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅಗಸಿ ಕಡಿಯಿತು. ಮಾರನೇ ದಿನವೂ ಹಾಗೆಯೇ ಆಯಿತು. ‘ಅಬ್ಬಾ’ ಅನ್ನಬೇಕು ಅಂತ ಬಾಯಿ ತೆರೆದಿದ್ದೆ, ತೆರೆದೇ ಉಳಿಯಿತು.

ಮೂರನೇ ಸಲ ಅಝಾನ್ ಆಗುವಾಗ ಮಾಡಿದರು. ನಮ್ಮ ಓಣಿಯ ಮಸೀದಿಯ ಅಝಾನ್ ನನಗೆ ಫೋನಿನಲ್ಲಿ ಪೂರ್ತಿ ಕೇಳಿತು. ಯಾರೋ ಮಾತಾಡುತ್ತಿದ್ದಾರೆ ಅಂದುಕೊಂಡು ಅಗಸಿ ಲೈನು ಹಿಡಿದುಕೊಂಡೇ ಇತ್ತು. ಅಝಾನ್ ಮುಗಿಯಿತು. ಮತ್ತೆ ನಾವಿಬ್ಬರು. ಕಡಿಯಿತು.

ಅವತ್ತಿನಿಂದ ದಿನಾ ಅಝಾನ್‌ಗೆ ಸರಿಯಾಗಿ ಮಾಡುತ್ತಾರೆ. ಅಷ್ಟು ಹೊತ್ತು ಲೈನು ನಿಲ್ಲುತ್ತದೆ ಅಂತ ಅವರಿಗೂ ತಿಳಿದಿರಬೇಕು. ಉಪಾಯ ಚೆನ್ನಾಗಿದೆ, ಆದರೆ ದೇವರ ಮಾತಿನ ಹಿಂದೆ ಎಷ್ಟು ದಿನ ಅಡಗಿ ಕೂರುವುದು?

ಫರಹೀನ


ಆಳಂದ
26 ಜನವರಿ 2025

ಫರಹೀನ ಬೇಟಿ,

ನಿನ್ನೆ ನಾನೂ ಮಾಳಿಗೆ ಮೇಲಿದ್ದೆ. ಒಣಗಿದ ಬಟ್ಟೆ ತೆಗೆಯಲು ಹೋಗಿದ್ದೆ, ಸುಳ್ಳಲ್ಲ. ಅವರು ನನಗೆ ಬೆನ್ನು ಮಾಡಿ ಕೂತಿದ್ದರು. ಮೊಬೈಲು ಕಿವಿಗೆ ಒತ್ತಿಕೊಂಡಿದ್ದರು. ಬಹಳ ಹೊತ್ತಿನ ಮೇಲೆ ಗಡ್ಡ ಅಲುಗಿತು. ನನ್ನ ಕಡೆ ಮುಖ ಇದ್ದಿದ್ದರೆ ತುಟಿ ಓದುತ್ತಿದ್ದೆ. ಹಿಂದಿನಿಂದ ಗಡ್ಡದ ತುದಿ ಮಾತ್ರ ಕಂಡಿತು.

ಕೆಳಗೆ ಬಂದ ಮೇಲೆ ‘ಏನ್ ಅಂದ್ರಿ ಆಕಿಗೆ?’ ಅಂತ ಕೇಳಿದೆ. ಎರಡು ರೊಟ್ಟಿ ಜಾಸ್ತಿ ತಿಂದರು. ಗಾದಿಯ ಹೊಲಿಗೆ ಮುಗಿಸಿದರು.

ಹೆತ್ತವಳು ನಾನು, ಓಣಿಯಲ್ಲೆಲ್ಲ ನನ್ನ ಮನೆಯ ಸುದ್ದಿ ನನಗೇ ಕಡೆಗೆ ಮುಟ್ಟುತ್ತದೆ. ಏನು ಅಂದರು? ಒಂದೊಂದು ಅಕ್ಷರ ಬರೆ.

ಅಮ್ಮಿ


ಜೇವರ್ಗಿ
9 ಫೆಬ್ರವರಿ 2025

ಅಮ್ಮಿ, ಸಲಾಂ.

ಬರೆಯುತ್ತೇನೆ. ನಡುವೆ ಎರಡು ಸಲ ಹಾಳೆ ಹರಿದೆ, ಅದಕ್ಕೆ ತಡ.

ಅವತ್ತು ಅಝಾನ್ ಮುಗಿದ ಮೇಲೆ ಕರೆ ಮಾಡಿದರು. ಬೇಕಂತಲೇ ಅಂತ ನನಗೆ ಅನಿಸಿತು. ಎತ್ತಿದೆ. ಇನ್ನೇನು ಅಗಸಿ ಕಡಿಯುತ್ತದೆ ಅನ್ನುವಾಗ ಅಬ್ಬಾ ಕೆಮ್ಮಿದರು. ಅದು ನಿಜವಾದ ಕೆಮ್ಮಲ್ಲ. ಲೈನು ಉಳಿಯಿತು. ಮತ್ತೆ ಸುಮ್ಮನಾದರು, ಈ ಸಲ ನಾನು ಕೆಮ್ಮಿದೆ. ಹೀಗೆ ಇಬ್ಬರೂ ದಮ್ಮಿನ ರೋಗಿಗಳ ಹಾಗೆ ಕೆಮ್ಮುತ್ತ ಕೂತೆವು. ಪಕ್ಕದ ಮೇಜಿನವರು ನೀರು ತಂದುಕೊಟ್ಟರು.

ಆಮೇಲೆ ಮಾತಾಡಿದರು. ಮನೆಯಲ್ಲಿ ನಮ್ಮ ಜೊತೆ ನಮ್ಮ ಮಾತನ್ನೇ ಆಡುವವರು ಅವತ್ತು ಕನ್ನಡದಲ್ಲಿ ಮಾತಾಡಿದರು. ‘ಮುಟ್ಟೇನಿ’ ಅನ್ನುವ ಅರ್ಫಾತನ ಶಬ್ದ ಕನ್ನಡದ್ದಲ್ಲವೇ, ಅದನ್ನೇ ಹಿಡಿದರು.

‘ಅಂವ ಮುಟ್ಟಲಿಲ್ಲ ಬೇಟಿ’ ಅಂದರು.

ನಾನು ‘ಹೌದ್ರಿ ಅಬ್ಬಾ’ ಅಂದೆ.

‘ದಿನಾ ಅಂವನ ಬದ್ಲಿ ನಾ ರಿಂಗ್ ಕೊಟ್ಟೆ. ಕೊಟ್ರೂ ಅಂವ ಮುಟ್ಟಲಿಲ್ಲ.’

‘ಹೌದ್ರಿ.’

‘ಬಸ್ಸಿನ ಮಾತು ನಾ ಆಡಬಾರದಿತ್ತು’ ಅಂದರು. ಆಮೇಲೆ ಬರೀ ಉಸಿರು ಕೇಳುತ್ತಿತ್ತು. ಅವರ ಉಸಿರನ್ನು ಅಗಸಿ ಮಾತು ಅಂತ ತಿಳಿಯಿತೋ ಏನೋ, ಕಡಿಯಲಿಲ್ಲ. ಕಡೆಗೆ ಅಂದರು, ‘ನೀ ಆದ್ರೂ ಮುಟ್ಟು.’

ಇಷ್ಟೇ ಅಮ್ಮಿ. ಒಂದಕ್ಷರ ಬಿಟ್ಟಿಲ್ಲ.

ಅಳು ಇನ್ನೂ ಬಂದಿಲ್ಲ. ಆದರೆ ಎದೆ ನೋಯುತ್ತಿದೆ, ಜೋಮು ಹಿಡಿದ ಕಾಲನ್ನು ಊರಿದಾಗ ಆಗುವ ಹಾಗೆ. ಇದು ಒಳ್ಳೆಯದು ಅಂತ ಗೌಸಿಯಾಬೇಗಂ ಹೇಳುತ್ತಾರೆ.

ರಂಜಾನಿನ ಚಾಂದ್ ಕಾಣುವ ಮೊದಲು ರಜೆ ಹಾಕಿ ಬರುತ್ತೇನೆ. ಬಸ್ಸಿಗೇ ಬರುತ್ತೇನೆ. ಸೇತುವೆ ದಾಟುವಾಗ ಕಿಟಕಿ ಕಡೆ ಕೂರಬೇಕೋ ಬೇಡವೋ ಅಂತ ಇನ್ನೂ ತೀರ್ಮಾನಿಸಿಲ್ಲ.

ಮುಟ್ಟಿದ ಕೂಡಲೇ ರಿಂಗ್ ಕೊಡುವುದಿಲ್ಲ. ಬಾಗಿಲು ಬಡಿಯುತ್ತೇನೆ. ನಿನಗೆ ಕೇಳಿಸುವುದಿಲ್ಲ, ಚಿಲಕ ಅಬ್ಬಾನೇ ತೆಗೆಯಬೇಕು.

ನಿನ್ನ ಮಗಳು
ಫರಹೀನ